ಚಿಲಕ

"ಇದಕ್ಕಿಂತ ಹೊಸದಿಲ್ಲವೇ?" ಎಂದು ಕೇಳುತ್ತಾನೆ
ನಿನ್ನೆಯ ವಿಮಾನದಲ್ಲಿ ಬಂದಿಳಿದ ಹುಡುಗ,
ಹಿಮನದಿ ಅಳೆಯುವ ಓದಿನವನು.
ಸ್ವಾಲ್ಬಾರ್ಡಿನ ಈ ಬಾಡಿಗೆ ಅಂಗಡಿಯಲ್ಲಿ
ಎಲ್ಲರೂ ಕೇಳುವುದು ಇದನ್ನೇ.
ನಾನು ಸುನ್ನಿವಾ, ಮೂವತ್ತೊಂದು ಚಳಿಗಾಲ
ಇದೇ ಮೇಜಿನ ಹಿಂದೆ ನಿಂತವಳು.
ಉತ್ತರ ಹೇಳುವುದಿಲ್ಲ, ಕೋವಿಯನ್ನೇ ಕೈಗಿಡುತ್ತೇನೆ.

ಎತ್ತು. ಎಳೆ. ನೂಕು. ಇಳಿಸು.
ಇಷ್ಟೇ ಇದರ ವಿದ್ಯೆ.
ಬಾಗಿಲಿಗೆ ಚಿಲಕ ಹಾಕಬಲ್ಲವನಿಗೆ ಇದೂ ಬರುತ್ತದೆ.
ನೂರಿಪ್ಪತ್ತೈದು ವರ್ಷದ ಹಿಂದೆ ಜರ್ಮನಿಯಲ್ಲಿ ಯಾರೋ
ಬಾಗಿಲನ್ನೇ ನೋಡುತ್ತ ಕೂತಿದ್ದಿರಬೇಕು.
ಆಮೇಲೆ ಬಂದವರು ಚಿಲಕಕ್ಕೆ ಏನು ಸೇರಿಸಿದರು, ಹೇಳು?

ಹುಡುಗ ಒಪ್ಪುವುದಿಲ್ಲ.
ಹಾಗಾದರೆ ಗವಸು ತೊಡು ಎನ್ನುತ್ತೇನೆ,
ನಾಲ್ಕು ಬೆರಳಿಗೆ ಒಂದೇ ಕೋಣೆ,
ಹೆಬ್ಬೆರಳಿಗೆ ಬೇರೆ ಮನೆ, ಅಂಥದ್ದು.
ಈಗ ಎತ್ತು, ಎಳೆ.
ನೋಡು, ಹಿಡಿಯ ಗುಬುಟು ತಾನಾಗಿ ಅಂಗೈಗೆ ಬಂತು.
ಈ ಉಕ್ಕಿನ ಉಗುರು ಕಂಡೆಯಾ?
ತೋಟೆಯ ಅಂಚನ್ನು ಮೊದಲೇ ಕಚ್ಚಿಕೊಳ್ಳುತ್ತದೆ,
ತಾಯಿಬೆಕ್ಕು ಮರಿಯ ಕತ್ತು ಕಚ್ಚಿದ ಹಾಗೆ,
ನೋಯಿಸದೆ, ಬಿಡದೆ.
ನೀನು ಮುಗ್ಗರಿಸು, ಅಂಗಾತ ಬೀಳು, ಹೆದರಿ ಉಚ್ಚೆ ಹೊಯ್ದುಕೋ,
ಅದು ಮಾತ್ರ ಮರಿಯನ್ನು ಬೀಳಿಸುವುದಿಲ್ಲ.

ಎಣ್ಣೆ ಹಾಕಬೇಡ. ಮೈನಸ್ ಮೂವತ್ತರಲ್ಲಿ ಎಣ್ಣೆ ಅಂಟಾಗುತ್ತದೆ.
ಹೋದ ವರ್ಷ ಒಬ್ಬ ಹೊಸ ಬಗೆಯದನ್ನು ತಂದಿದ್ದ,
ತಾನೇ ತುಂಬಿಕೊಳ್ಳುವ ಜಾತಿ, ಮೈತುಂಬ ಸ್ಪ್ರಿಂಗು.
ಚಳಿಗೆ ಒಂದು ಸಲ ಕೆಮ್ಮಿ ಸುಮ್ಮನಾಯಿತು.
ಪುಣ್ಯ, ಎದುರಿಗಿದ್ದದ್ದು ಹಲಗೆಯ ಕರಡಿ.

ಇಷ್ಟು ಹೇಳಿ ಮುಗಿಸಬಹುದು. ಬಹಳ ದಿನ ಮುಗಿಸುತ್ತಿದ್ದೆ.

ಆದರೆ ಇಲ್ಲಿ, ನಳಿಗೆಯ ಬುಡದಲ್ಲಿ, ಬೆರಳಾಡಿಸು:
ಒಂದು ತಗ್ಗು. ಅರದಿಂದ ಉಜ್ಜಿದ ಜಾಗ.
ಅಲ್ಲೊಂದು ಹದ್ದಿತ್ತು, ಕಾಲಲ್ಲಿ ಆ ಗುರುತು ಹಿಡಿದದ್ದು.
ನಮ್ಮನ್ನು ಆಳಲು ಬಂದವರ ಹೆಗಲೇರಿ ಬಂತು ಇದು;
ಅವರು ಸೋತು ಹಡಗು ಹತ್ತಿದಾಗ
ರಾಶಿ ರಾಶಿ ಬಿಟ್ಟುಹೋದರು, ಒಲೆಗಿಡದ ಸೌದೆಯಂತೆ.
ನಾವು ಬಡವರು. ಎಸೆಯಲಿಲ್ಲ.
ನಳಿಗೆ ಬದಲಿಸಿದೆವು, ಹದ್ದನ್ನು ಉಜ್ಜಿದೆವು.
ಪೂರ್ತಿ ಹೋಗಿಲ್ಲ; ಓರೆ ಬೆಳಕಿಗೆ ಹಿಡಿದರೆ
ರೆಕ್ಕೆಯ ತುದಿ ಈಗಲೂ ಏಳುತ್ತದೆ.
ನನ್ನಜ್ಜ ಐಲಿಫ್‌ನ ಅಣ್ಣ ಇಂಥದ್ದರ ಎದುರು ನಿಂತು ಸತ್ತ.
ಅಜ್ಜ ಇಂಥದ್ದನ್ನೇ ಹೆಗಲಿಗೆ ಹಾಕಿ
ನಲವತ್ತು ವರ್ಷ ನರಿ ಹಿಡಿದ.
ಕೇಳಿದರೆ ಹೇಳುತ್ತಿದ್ದ:
"ಚೆನ್ನಾಗಿ ಮಾಡಿದ್ದಾರೆ, ಹಾಳಾದವರು."

ಆ ಮಾತಿನ ಎರಡು ತುದಿ
ನನಗಿನ್ನೂ ಜೋಡಿಸಲು ಬಂದಿಲ್ಲ.

ಬುಧವಾರ ಇದನ್ನು ಒಯ್ಯುವವಳು ರಾಚನೀ,
ಥಾಯ್‌ಲ್ಯಾಂಡಿನಿಂದ ಹೋಟೆಲಿನ ಕೋಣೆ ಗುಡಿಸಲು ಬಂದು
ಈಗ ಶಿಶುವಿಹಾರದಲ್ಲಿ ಟೀಚರು.
ಹಳದಿ ಅಂಗಿಯ ಮಕ್ಕಳು ಒಂದೇ ಹಗ್ಗ ಹಿಡಿದು
ಸಮುದ್ರ ನೋಡಲು ಹೊರಡುತ್ತಾರೆ;
ಹಿಂದೆ ಅವಳು, ಅವಳ ಬೆನ್ನಿಗೆ ಇದು.
ಹದಿನಾಲ್ಕು ವರ್ಷದಲ್ಲಿ ಒಂದೂ ಕರಡಿ ಸಾಯಲಿಲ್ಲ.
ಒಂದು ಸಲ ಬಂದಿತ್ತಂತೆ, ದೂರದಲ್ಲಿ ಕೂತು
ಮಕ್ಕಳ ಗಲಾಟೆ ಕೇಳಿ ಎದ್ದು ಹೋಯಿತಂತೆ.
ಅಷ್ಟು ಹೊತ್ತೂ ಅವಳ ಕೈ ಚಿಲಕದ ಮೇಲೆ.

ಸಂಜೆ ಬಂದು ತೋಟೆ ಎಣಿಸುತ್ತಾಳೆ:
ಒಂದು, ಎರಡು, ಮೂರು, ನಾಲ್ಕು.
ಐದನೆಯದು ಗವಸಿನೊಳಗೆ,
ಯಾವುದೋ ಮಗು ಅರ್ಧ ತಿಂದ ಬಿಸ್ಕತ್ತಿನ ಜತೆ.

ಕೋವಿಯನ್ನು ಹೊರಗಿನ ತಣ್ಣನೆಯ ಪಡಸಾಲೆಯಲ್ಲಿ ನಿಲ್ಲಿಸುತ್ತೇನೆ.
ಒಲೆಯಿರುವ ಕೋಣೆಗೆ ತಂದರೆ ಬೆವರುತ್ತದೆ,
ಬೆವರು ನಾಳೆ ಮಂಜುಗಡ್ಡೆಯಾಗಿ ಚಿಲಕವನ್ನು ಕಚ್ಚುತ್ತದೆ.
ಅಜ್ಜನ ಕಾಲದಿಂದಲೂ ಹೀಗೇ,
ಬಾಗಿಲಾಚೆ ನಿಂತು ಮನೆ ಕಾಯುತ್ತದೆ,
ಒಳಗೆ ಬಾ ಎಂದು ಕರೆಯುವಂತಿಲ್ಲ.

ಹುಡುಗ ಪಕ್ಕದ್ದನ್ನು ಎತ್ತಿಕೊಂಡು ರಸೀದಿಗೆ ಸಹಿ ಹಾಕುತ್ತಾನೆ.
"ಹೊಸದು ಬಂದರೆ ತಿಳಿಸಿ."
ಆಯಿತಪ್ಪ ಎನ್ನುತ್ತೇನೆ.